ಕಂಟ್ರೋಲರ್ ಓದಿದ ಕಾಗದ

ನಮ್ಮ ಹನೂರು ಚಿತ್ರಬಳಗಕ್ಕೆ ಹನ್ನೆರಡು ವರ್ಷ ತುಂಬಿದ ನೆನಪಿಗೆ ಒಂದು ಪುಸ್ತಕ ತರುತ್ತೇವೆ, ಅದರಲ್ಲಿ ಶಾಂತಮೂರ್ತಿಯವರ ಬಗ್ಗೆ ನೀವೇ ಬರೆಯಬೇಕು ಎಂದು ಬಳಗದವರು ನನ್ನನ್ನು ಕೇಳಿದ್ದು ಕಳೆದ ಅಕ್ಟೋಬರಿನಲ್ಲಿ. ಎರಡು ಪುಟ ಬರೆದೂ ಇದ್ದೆ. ಸರಳ ಸಜ್ಜನರು, ನಿಸ್ವಾರ್ಥಿಗಳು, ಊರಿಗೆ ಪ್ರಪಂಚವನ್ನೇ ತೋರಿಸಿದವರು ಅಂತೆಲ್ಲ. ನವೆಂಬರ್ ಹತ್ತನೇ ತಾರೀಖು ಕಳೆದ ಮೇಲೆ ಆ ಎರಡು ಪುಟಗಳನ್ನು ಹರಿದು ಒಲೆಗೆ ಹಾಕಿದೆ. ಇದು ಆಮೇಲೆ ಬರೆದದ್ದು. ಅಚ್ಚು ಹಾಕುವುದು ಬಿಡುವುದು ಅವರಿಗೆ ಸೇರಿದ್ದು.

ನಾನು ಪುಷ್ಪ. ಹನೂರಿನ ಸುತ್ತಲಿನ ಹಳ್ಳಿಗಳಲ್ಲಿ, ಕಾಡಂಚಿನ ಸೋಲಿಗರ ಹಾಡಿಗಳಾದ ಪೋಡುಗಳಲ್ಲಿ ಮೂವತ್ತೊಂದು ವರ್ಷ ನರ್ಸಮ್ಮನಾಗಿ ತಿರುಗಿ ನಿವೃತ್ತಳಾದವಳು. ಚಿತ್ರಬಳಗದ ಕಾರ್ಯದರ್ಶಿ. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು, ನಾನೂ ಅಲ್ಲಗಳೆಯುವುದಿಲ್ಲ. ಎಷ್ಟೋ ಮನೆಗಳ ಜಗಲಿಯ ಮೇಲೆ ಕೂತು ಸಾವಿನ ಸುದ್ದಿ ಹೇಳಿದ್ದೇನೆ. ಅದಕ್ಕೊಂದು ಕ್ರಮ ಇಟ್ಟುಕೊಂಡಿದ್ದೆ. ಮೊದಲು ಕೂರಿಸಬೇಕು, ಕೈ ಹಿಡಿದುಕೊಳ್ಳಬೇಕು, ಪಕ್ಕದಲ್ಲಿ ಒಂದು ಚೊಂಬು ನೀರು ಇರಬೇಕು, ಆಮೇಲೆ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಕು. ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕೇಳಿದರೆ ಸರಿಯಾಗಿ ಹೇಳಬೇಕು. ಸುತ್ತಿ ಬಳಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಶಾಂತಮೂರ್ತಿ ಸುತ್ತಿ ಬಳಸುವ ಜನ. ಆದರೆ ಅವರನ್ನು ಕಂಡರೆ ನನಗೆ ಆಗುತ್ತಿತ್ತು. ಊರಿನಲ್ಲಿ ಯಾರಿಗೆ ತಾನೇ ಆಗುತ್ತಿರಲಿಲ್ಲ.

ಕುಂತೂರಿನವರು. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು. ಇವರು ಪಿಯುಸಿ ಮುಗಿಸಿ ಬಸ್ ಕಂಡಕ್ಟರ್ ಆದರು, ಹದಿನೆಂಟು ವರ್ಷ ಬೆಟ್ಟದ ತಿರುವುಗಳಲ್ಲಿ ನಿಂತು ನಿಂತು ಮಂಡಿ ಹೋಯಿತು. ಆಮೇಲೆ ಹನೂರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ಕೂತರು. ನಿವೃತ್ತಿಯಾಗಿ ಆರು ವರ್ಷವಾದರೂ ಊರಿಗೆ ಅವರು ಕಂಟ್ರೋಲರ್ ಸಾಹೇಬರೇ. ಹೆಂಡತಿ ತೀರಿಕೊಂಡಿದ್ದಾರೆ, ಮಗಳನ್ನು ಕೊಳ್ಳೇಗಾಲಕ್ಕೆ ಕೊಟ್ಟಿದ್ದಾರೆ. ದೇವರು ಆ ಮನುಷ್ಯನಿಗೆ ಕೊಟ್ಟ ಆಸ್ತಿ ಎಂದರೆ ಧ್ವನಿ. "ಕೌದಳ್ಳಿ, ರಾಮಾಪುರ, ಮಹದೇಶ್ವರ ಬೆಟ್ಟದ ಕಡೆ ಹೋಗುವ ಪ್ರಯಾಣಿಕರು" ಎಂದು ಮೈಕಿನಲ್ಲಿ ಅಂದರೆ, ಹೋಗುವ ಕೆಲಸ ಇಲ್ಲದವರಿಗೂ ಒಂದು ಸಲ ಬೆಟ್ಟಕ್ಕೆ ಹೋಗಿಬರೋಣ ಅನ್ನಿಸುತ್ತಿತ್ತು.

ಅವರದು ಒಂದು ಕೆಟ್ಟ ಚಾಳಿ. ಬಸ್ಸು ರದ್ದಾಗಿದೆ ಎಂಬ ಮಾತು ಅವರ ಬಾಯಿಂದ ಹೊರಡುತ್ತಲೇ ಇರಲಿಲ್ಲ. ಬಸ್ಸು ಡಿಪೋದಲ್ಲಿ ಚಕ್ರ ಬಿಚ್ಚಿಕೊಂಡು ನಿಂತಿದ್ದರೂ "ಸ್ವಲ್ಪ ತಡವಾಗಿ ಬರಲಿದೆ" ಅನ್ನುತ್ತಿದ್ದರು. ಜನ ಅದನ್ನು ನಂಬಿ ಗಂಟೆಗಟ್ಟಲೆ ಕಾಯುವುದು, ನಾನು ಹೋಗಿ ಜಗಳವಾಡುವುದು. "ಇಲ್ಲ ಅಂದ್ರೆ ಅವ್ರ ಮುಖ ನೋಡಕ್ಕಾಗಲ್ಲ ಸಿಸ್ಟರ್" ಅನ್ನುತ್ತಿದ್ದರು. ಊರಿನಲ್ಲಿ ಅದೊಂದು ತಮಾಷೆಯೇ ಆಗಿಹೋಗಿತ್ತು. ಮದುವೆ ಮುರಿದುಬಿದ್ದರೆ "ಕಂಟ್ರೋಲರ್ ಲೆಕ್ಕದಲ್ಲಿ ಸ್ವಲ್ಪ ತಡ" ಎಂದು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಚಿತ್ರಬಳಗ ಶುರುವಾದದ್ದು ಎರಡು ಸಾವಿರದ ಹನ್ನೆರಡರ ಜೂನ್‌ನಲ್ಲಿ. ಮೈಸೂರಿನ ಒಬ್ಬ ಸಿನಿಮಾ ಹುಚ್ಚಿನ ಮೇಷ್ಟ್ರು, ಬೆಟ್ಟಕ್ಕೆ ಹೋಗುವಾಗೆಲ್ಲ ಬಸ್ ಸ್ಟ್ಯಾಂಡಿನಲ್ಲಿ ಇವರ ಜೊತೆ ಹರಟುತ್ತಿದ್ದವರು, ಇನ್ನೂರು ಚಿಲ್ಲರೆ ಪರದೇಶದ ಸಿನಿಮಾಗಳಿದ್ದ ಒಂದು ಹಾರ್ಡ್ ಡಿಸ್ಕನ್ನೂ ಹಳೆಯ ಪ್ರೊಜೆಕ್ಟರನ್ನೂ ಕೊಟ್ಟುಹೋದರು. ರೇಷ್ಮೆಗೂಡು ತುಂಬುತ್ತಿದ್ದ ಒಂದು ಗೋಡೌನ್ ಖಾಲಿ ಇತ್ತು. ಕಿಟಕಿಗೆ ಸಿಮೆಂಟ್ ಚೀಲ ಬಡಿದು ಕತ್ತಲೆ ಮಾಡಿದೆವು. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಎರಡೂವರೆಗೆ ಆಟ. ಚಾಪೆ ಅವರವರದೇ ತರಬೇಕು.

ಆ ಸಿನಿಮಾಗಳ ಮಾತು ನಮಗೆ ತಿಳಿಯುವುದಿಲ್ಲ. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತದೆ, ಅದನ್ನು ಹಿಡಿದು ಓದುವಷ್ಟು ಇಂಗ್ಲಿಷ್ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನನಗೆ ಔಷಧಿ ಹೆಸರಿನ ಇಂಗ್ಲಿಷ್ ಬರುತ್ತದೆ, ಅಷ್ಟೇ. ಕಂಟ್ರೋಲರ್ ಮಾತ್ರ ಡಿಕ್ಷನರಿ ಇಟ್ಟುಕೊಂಡು ವಾರವೆಲ್ಲ ತಯಾರಾಗಿ ಬಂದು, ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಮೈಕ್ ಹಿಡಿದು ಎಲ್ಲರ ಮಾತನ್ನೂ ನಮ್ಮ ಮಾತಿನಲ್ಲೇ ಹೇಳುತ್ತಿದ್ದರು. ಯಾವುದೋ ದೇಶದ ದೊರೆ ಮಂತ್ರಿಗೆ "ಅಯ್ಯೋ ಬುಡ್ಲಾ, ಅದೆಲ್ಲ ಆಗೋ ಮಾತಲ್ಲ" ಅನ್ನುತ್ತಿದ್ದ. ಕೋಟು ತೊಟ್ಟ ಮೇಡಮ್ಮು ಗಂಡನಿಗೆ "ಉಂಡ್ಯಾ, ಇನ್ನೊಸಿ ಸಾರು ಬುಡ್ಲಾ" ಎಂದು ಕೇಳುತ್ತಿದ್ದಳು. ಸೈಕಲ್ ಶಾಪಿನವರು, ಹೋಟೆಲಿನವರು, ಸಂತೆಗೆ ಬಂದ ಹೆಂಗಸರು ಎಲ್ಲರೂ ಬಿದ್ದು ಬಿದ್ದು ನಗುವುದು, ಅದೇ ಬಾಯಲ್ಲಿ ಮೂಗು ಸೀಟುತ್ತ ಅಳುವುದು. ಹೊರಗಡೆ ಸಿಕ್ಕಾಗ ಕಥೆಯನ್ನು ಮತ್ತೆ ಹೇಳಿಕೊಳ್ಳುತ್ತಿದ್ದೆವು. ನಾವು ನೋಡಿದ ಸಿನಿಮಾ ಅವರ ಬಾಯಲ್ಲಿತ್ತು ಎನ್ನುವುದು ಆಗ ನನಗೆ ಹೊಳೆಯಲಿಲ್ಲ.

ಕೇತಮ್ಮ ಬರತೊಡಗಿದ್ದು ಎರಡನೆಯ ವರ್ಷ. ಲೊಕ್ಕನಹಳ್ಳಿ ದಾಟಿ ಕಾಡಿನ ಕಡೆಗಿರುವ ಒಂದು ಪೋಡಿನ ಸೋಲಿಗರ ಹೆಂಗಸು. ಸೀಗೆಕಾಯಿ, ನೆಲ್ಲಿಕಾಯಿ ತಂದು ಹಾಕಿ, ಸಾಮಾನು ಕೊಂಡು ವಾಪಸ್ ಹೋಗಲು ಐದೂವರೆ ಬಸ್ಸಿಗೆ ಕಾಯಬೇಕು. ಬಿಸಿಲಲ್ಲಿ ಯಾಕೆ ಕೂರ್ತೀಯವ್ವ ಎಂದು ಕಂಟ್ರೋಲರೇ ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಅವಳಿಗೆ ಕಂಟ್ರೋಲರ್ ಹತ್ತಿರ ಬೇರೆ ಕೆಲಸವೂ ಇತ್ತು. ಅವಳ ಒಬ್ಬನೇ ಮಗ ಮುರುಗೇಶ ತಮಿಳುನಾಡಿನ ಕಡೆ ಕಲ್ಲು ಕ್ವಾರಿ ಕೆಲಸಕ್ಕೆ ಹೋಗಿದ್ದ. ನಮ್ಮ ಕಡೆ ಪೋಡಿನ ಜನಕ್ಕೆ ಅಂಚೆ, ಫೋನು ಎಲ್ಲವೂ ಬಸ್ ಸ್ಟ್ಯಾಂಡೇ. ಆ ಕಡೆ ದುಡಿಯುವವರು ಬಸ್ಸಿನ ಡ್ರೈವರ್ ಕೈಲಿ ಚೀಟಿಯೋ ಬಾಯಿಮಾತೋ ಕಳಿಸುತ್ತಾರೆ, ಡ್ರೈವರ್ ಕಂಟ್ರೋಲರಿಗೆ ಮುಟ್ಟಿಸುತ್ತಾನೆ, ಕಂಟ್ರೋಲರ್ ಆ ಊರಿನ ಬಸ್ಸಿಗೆ ಹೇಳಿ ಕಳಿಸುತ್ತಾರೆ. ಹಾಗಾಗಿ ಕೇತಮ್ಮ ಊರಿಗೆ ಬಂದಾಗೆಲ್ಲ ಮೊದಲು ಕಂಟ್ರೋಲರ್ ಕಿಟಕಿಗೆ ಹೋಗಿ, "ನಮ್ ಮುರುಗೇಸಂದು ಏನಾರ ಬಂತಾ ಸಾ?" ಎಂದು ಕೇಳುವಳು.

ಅವನಿಂದ ಏನೂ ಬರಲಿಲ್ಲ. ವರ್ಷವಾಯಿತು, ಐದು ವರ್ಷವಾಯಿತು, ಹತ್ತು ವರ್ಷವಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಇದ್ದ ಮಗಳು, ಒಬ್ಬಳೇ ಇರಬೇಡ ಬಾ ಎಂದು ಎಷ್ಟು ಕರೆದರೂ ಕೇತಮ್ಮ ಹೋಗಲಿಲ್ಲ. ಒಂದು ಸಲ ಆನೆ ಬಂದು ಹಿಂದಿನ ಗೋಡೆ ಬೀಳಿಸಿತು, ಆಗಲೂ ಹೋಗಲಿಲ್ಲ. "ಅವ್ನು ಬಂದ್ರೆ ಅವ್ವ ಎಲ್ಲೋದಳು ಅಂತ ಉಡುಕ್ತನೆ" ಅಂದಳು ನನಗೆ. ಇನ್ನೊಂದು ಸಲ ಮಾರ್ಲಮಿ ಹಬ್ಬದ ಹೊತ್ತಿಗೆ ಆ ಕಡೆ ಪೋಲಿಯೋ ಹನಿ ಹಾಕಲು ಹೋಗಿದ್ದೆ. ತೀರಿಹೋದ ಗಂಡನಿಗೆ, ಅಪ್ಪನಿಗೆ, ಅವರವರಿಗೆ ಇಷ್ಟವಾದ ತಿಂಡಿ ಮಾಡಿ ಎಡೆ ಇಟ್ಟಿದ್ದಳು. ಇಷ್ಟು ವರ್ಷವಾಯಿತಲ್ಲ, ಮಗನಿಗೂ ಒಂದು ಎಲೆ ಹಾಕಬಾರದೇ ಎಂದು ನೆರೆಮನೆಯವಳು ಮೆಲ್ಲಗೆ ಅಂದಳು. "ಇದ್ದೋರ್ಗೆ ಎಡೆ ಇಕ್ಬಾರ್ದು" ಎಂದು ಕೇತಮ್ಮ ಅವಳ ಮೇಲೆ ರೇಗಿದಳು. ಇದ್ದಾನೆ ಎಂದು ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀಯ ಎಂದೆ. "ಕಂಟ್ರೋಲರ್ ಸಾ ಏಳವ್ರೆ, ಬತ್ತನೆ, ಒಸಿ ತಡ ಅಂತ" ಅಂದಳು. ನಾನು ಮನಸ್ಸಿನಲ್ಲೇ ನಕ್ಕೆ. ಈಗ ಅದನ್ನು ನೆನೆಸಿಕೊಂಡರೆ ಅನ್ನ ಇಳಿಯುವುದಿಲ್ಲ.

ಇನ್ನು ಆ ಸಿನಿಮಾದ ವಿಷಯ. ಹಿಮ ಬೀಳುವ ಯಾವುದೋ ಗುಡ್ಡದ ಊರು. ಒಬ್ಬಳು ಮುದುಕಿ ಕುರಿ ಸಾಕಿಕೊಂಡಿದ್ದಾಳೆ. ಮಗ ದೂರದ ಗಣಿಗೆ ಹೋಗಿದ್ದಾನೆ. ಒಂದು ದಿನ ಕಾಗದ ಬರುತ್ತದೆ. ಮುದುಕಿಗೆ ಓದು ಬಾರದು, ಶಾಲೆಯ ಮೇಷ್ಟ್ರು ಬಾಗಿಲಲ್ಲಿ ನಿಂತು ಓದುತ್ತಾನೆ. ಮುದುಕಿ ಬಾಗಿಲಿಗೆ ಒರಗಿ ಅಳುತ್ತಾಳೆ. ಆಮೇಲೆ ರೊಟ್ಟಿ ಸುಟ್ಟು ಬುಟ್ಟಿಯಲ್ಲಿಟ್ಟುಕೊಂಡು ಊರಿನ ಪ್ರತಿ ಮನೆಗೂ ಕೊಟ್ಟು ಬರುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ಮೊದಲ ಸಲ ಅದನ್ನು ತೋರಿಸಿದಾಗ, ಮೇಷ್ಟ್ರು ಕಾಗದ ಬಿಚ್ಚಿದ ಕೂಡಲೇ ಮುಂದಿನ ಸಾಲಿನಿಂದ ಕೇತಮ್ಮ ಎದ್ದು ನಿಂತು ಕತ್ತಲಲ್ಲೇ ಕೇಳಿದಳು.

"ಏನಂತೆ ಸಾ ಕಾಗ್ದದಲ್ಲಿ?"

ಕಂಟ್ರೋಲರ್ ಮೈಕನ್ನು ಬಾಯಿಗೆ ಹತ್ತಿರ ತಂದು, ಆ ತುಂಬಿದ ಧ್ವನಿಯಲ್ಲಿ ಹೇಳಿದರು. "ಮಗ ಚೆನ್ನಾಗವ್ನಂತೆ ಕಣವ್ವ. ಕೆಲಸ ಜಾಸ್ತಿಯಂತೆ, ಅದ್ಕೆ ತಡ. ಬತ್ತನಂತೆ."

ಗೋಡೌನಿನಲ್ಲಿದ್ದ ಎಂಬತ್ತು ಜನ ಒಟ್ಟಿಗೆ ಉಸಿರುಬಿಟ್ಟೆವು. ಮುದುಕಿ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದು ನಾನೂ ಕಣ್ಣೊರೆಸಿಕೊಂಡೆ. ರೊಟ್ಟಿ ಹಂಚಿದ್ದು ಖುಷಿಗೆ ಎಂದುಕೊಂಡೆವು. ಆ ಆಟದ ಮರುದಿನವೇ ಕಂಟ್ರೋಲರ್ ನಮ್ಮ ಮನೆಗೆ ಬಂದು, ಪರದೆಯ ಕೆಳಗೆ ಅಕ್ಷರ ಓಡಿದರೆ ಚಿತ್ರ ಕೆಡುತ್ತದೆ, ಒಂದು ಕಪ್ಪು ಬಟ್ಟೆಯ ಪಟ್ಟಿ ಹೊಲಿದುಕೊಡಿ ಎಂದು ಕೇಳಿದರು. ಹಳೆಯ ಛತ್ರಿಯ ಬಟ್ಟೆ ಬಿಚ್ಚಿ ನಾನೇ ಹೊಲಿದೆ. ಅವರು ತಮ್ಮ ಎದುರಿಗೆ ಸಣ್ಣ ಟಿ.ವಿ. ಇಟ್ಟುಕೊಂಡು ಅದರಲ್ಲಿ ಓದಿಕೊಳ್ಳುತ್ತಿದ್ದರು.

ಅಲ್ಲಿಂದ ಆ ಸಿನಿಮಾ ಬಳಗದ ವಾರ್ಷಿಕೋತ್ಸವದ ಸಿನಿಮಾ ಆಯಿತು. ಜೂನ್‌ನಲ್ಲಿ ಹುಟ್ಟಿದ ಬಳಗಕ್ಕೆ ನವೆಂಬರ್ ಹತ್ತಕ್ಕೆ ವಾರ್ಷಿಕೋತ್ಸವ. ವಾರ ಯಾವುದಾದರೂ ಆಗಲಿ, ಹತ್ತನೇ ತಾರೀಖೇ ಆಗಬೇಕು. ಕಾರ್ಯದರ್ಶಿಯಾಗಿ ನಾನು ಪ್ರತಿ ಸಲ ತಕರಾರು ತೆಗೆದೆ, ಅವರು ನಕ್ಕು ಸುಮ್ಮನಾದರು. ಆಟಕ್ಕೆ ಮುಂಚೆ ಊಟ. ಪಲಾವ್, ಕೇಸರಿಬಾತ್ ಮಾಡಿಸೋಣ ಎಂದರೆ ಕೇಳುವವರಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಕಜ್ಜಾಯ. ಯಾವ ಸಂಘದವರಾದರೂ ವಾರ್ಷಿಕೋತ್ಸವಕ್ಕೆ ಬಸ್ಸಾರು ಬಡಿಸುತ್ತಾರೆಯೇ ಎಂದು ಬೈಯುತ್ತಲೇ ಕಜ್ಜಾಯ ಕರೆಯುತ್ತಿದ್ದವಳು ನಾನು. ಮೊದಲ ಎಲೆ ಕೇತಮ್ಮನಿಗೆ, ಕಂಟ್ರೋಲರ್ ಕೈಯಿಂದಲೇ. ಅವಳು ಉಂಡು ಏಳುವ ತನಕ ಅವರು ಉಣ್ಣುತ್ತಿರಲಿಲ್ಲ. ಕೊರೋನಾ ವರ್ಷ ಆಟವಿಲ್ಲ, ಊಟವೂ ಇಲ್ಲ. ಆದರೂ ಆ ಮನುಷ್ಯ ನನ್ನ ಕೈಲಿ ಕಜ್ಜಾಯ ಮಾಡಿಸಿ, ಕ್ಯಾರಿಯರ್ ಹಿಡಿದುಕೊಂಡು ಲೊಕ್ಕನಹಳ್ಳಿ ಬಸ್ಸು ಹತ್ತಿದರು. ಇವರಿಗೆ ತಲೆ ಕೆಟ್ಟಿದೆ ಎಂದು ನಾನು ಬೀದಿಯಲ್ಲೇ ಹೇಳಿದೆ.

ವರ್ಷ ವರ್ಷವೂ ಸಿನಿಮಾದಲ್ಲಿ ಕಾಗದ ಬಿಚ್ಚಿದ ಕೂಡಲೇ ಕೇತಮ್ಮ ಎದ್ದು "ಏನಂತೆ ಸಾ ಕಾಗ್ದದಲ್ಲಿ?" ಅನ್ನುವಳು. ಅದು ಆಟದ ಒಂದು ಭಾಗವೇ ಆಗಿತ್ತು. ಇಡೀ ಗೋಡೌನ್ ಅವಳು ಏಳುವುದನ್ನೇ ಕಾಯುತ್ತಿತ್ತು.

ಈಗ ದಿವ್ಯಳ ವಿಷಯ ಹೇಳಬೇಕು. ಯಳಂದೂರಿನ ಹುಡುಗಿ, ಎರಡು ವರ್ಷದ ಹಿಂದೆ ಇಲ್ಲಿನ ಕಾಲೇಜಿಗೆ ಇಂಗ್ಲಿಷ್ ಪಾಠ ಮಾಡಲು ಬಂದವಳು, ಬಳಗದ ಸದಸ್ಯೆ. ಕಳೆದ ನವೆಂಬರ್ ಎಂಟು, ಶುಕ್ರವಾರ ಸಂಜೆ, ಲ್ಯಾಪ್‌ಟಾಪ್ ತಬ್ಬಿಕೊಂಡು ನಮ್ಮ ಮನೆಗೆ ಬಂದಳು. ವಾರ್ಷಿಕೋತ್ಸವಕ್ಕೆ ಕಂಟ್ರೋಲರ್ ಸಾಹೇಬರಿಗೆ ಒಂದು ಉಡುಗೊರೆ ಕೊಡೋಣವೆಂದು, ಆ ಸಿನಿಮಾದ ಇಂಗ್ಲಿಷ್ ಅಕ್ಷರಗಳನ್ನು ಕನ್ನಡ ಮಾಡಿ ತಾನೇ ಟೈಪು ಮಾಡಿ ಕೂರಿಸಿದ್ದಳಂತೆ. ಆದರೆ ಅವಳ ಮುಖದಲ್ಲಿ ಉಡುಗೊರೆಯ ಕಳೆ ಇರಲಿಲ್ಲ.

"ಸಿಸ್ಟರ್, ನಾನೇ ಎಲ್ಲೋ ತಪ್ಪು ಮಾಡಿದ್ದೀನಾ ನೋಡಿ" ಎಂದು ಆ ಜಾಗಕ್ಕೆ ತಂದು ನಿಲ್ಲಿಸಿದಳು.

ಮೇಷ್ಟ್ರು ಕಾಗದ ಹಿಡಿದಿದ್ದ. ಕೆಳಗೆ ಕನ್ನಡದಲ್ಲಿ ಬಂತು: ನಿಮ್ಮ ಮಗ ಗಣಿ ಕುಸಿದು ತೀರಿಕೊಂಡ. ದೇಹ ಹೊರಗೆ ತೆಗೆಯಲಾಗಲಿಲ್ಲ. ಮುದುಕಿ ಬಾಗಿಲಿಗೆ ಒರಗಿದಳು. ಆಮೇಲೆ ರೊಟ್ಟಿ ಸುಡುತ್ತ ಪಕ್ಕದವಳಿಗೆ ಅಂದಳು: ಇದು ಅವನ ಹೆಸರಿನ ರೊಟ್ಟಿ, ಎಲ್ಲರೂ ತಿನ್ನಬೇಕು.

ಎರಡು ಸಲ ಹಾಕಿಸಿ ನೋಡಿದೆ. ಅದೇ ಮುದುಕಿ, ಅದೇ ಅಳು. ಹನ್ನೊಂದು ವರ್ಷ ಆ ಮುಖವನ್ನು ನೋಡಿ ಸಂತೋಷ ಎಂದು ನಂಬಿದ್ದೆನಲ್ಲ, ಸಾವಿನ ಮನೆಯಲ್ಲೇ ಜೀವಮಾನ ಕಳೆದ ನಾನು. ನಾನೇ ಹೊಲಿದ ಕಪ್ಪು ಪಟ್ಟಿ ಕಣ್ಣೆದುರು ಬಂತು.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ನಿವೃತ್ತಿಯಾದರೂ ಅವರು ಕೂರುವುದು ಅಲ್ಲೇ, ಬೇವಿನ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ.

"ಮುದ್ಕಿ ಕಾಗ್ದದಲ್ಲಿ ಏನ್ ಬರ್ದದೆ ಸಾರ್?" ಎಂದೆ.

ಅವರು ಬೆಟ್ಟದ ಬಸ್ಸಿನ ಬೋರ್ಡನ್ನೇ ನೋಡುತ್ತ ಕೂತರು.

"ದಿವ್ಯ ಕನ್ನಡದಲ್ಲಿ ಕೂರಿಸವಳೆ. ನಾನು ಓದ್ದೆ. ಮಗ ಸತ್ತೋಗವ್ನೆ. ನೀವು ಹನ್ನೊಂದು ವರ್ಷದಿಂದ ಅವನ್ನ ಬದುಕ್ಸಿಟ್ಟಿದ್ದೀರಿ."

"ಅದೊಂದೇ ಸಿನ್ಮಾ ಸಿಸ್ಟರ್" ಅಂದರು. "ಮಿಕ್ಕಿದ್ದೆಲ್ಲ ಇದ್ದಂಗೇ ಓದಿದ್ದೀನಿ. ಮಹದೇಶ್ವರನಾಣೆ."

"ಅದೊಂದ್ಯಾಕೆ?"

"ಕೇತಮ್ಮ ಎದ್ದು ನಿಂತು ಕೇಳಿದ್ಳಲ್ಲ."

"ಕೇಳಿದ್ರೇನು? ಸಿನ್ಮಾದವಳ ಮಗ ಸತ್ರೆ ಕೇತಮ್ಮಂಗೇನಾಗ್ಬೇಕು?"

ಅವರು ನೆಲ ನೋಡಿಕೊಂಡು ಅಂದರು. "ಆವತ್ತು ಆಟಕ್ಕೆ ಮುಂಚೆ ಪಾಲಾರ್ ಕಡೆಯಿಂದ ಬಂದ ಬಸ್ಸಿನ ಡ್ರೈವರ್ ಒಂದ್ ಸುದ್ದಿ ತಂದಿದ್ದ. ಕ್ವಾರಿಯಲ್ಲಿ ಬೆಳಗಿನ ಜಾವ ಕಲ್ಲು ಜರುಗಿ ಮೂರು ಜನ ಓಗ್ಬುಟ್ರು, ಒಬ್ಬ ನಿಮ್ಮ ಕಡೆಯವ್ನು, ಲೊಕ್ಕನಹಳ್ಳಿ ಕೇತಮ್ಮನ ಮಗ ಮುರುಗೇಶ, ಅಲ್ಲೇ ಮಣ್ಣು ಮಾಡ್ತಾವ್ರೆ, ಅವ್ರವ್ವಂಗೆ ಮುಟ್ಟಿಸ್ಬುಡಿ ಅಂದ. ಕೇತಮ್ಮ ಎಂಗೂ ಬತ್ತಳಲ್ಲ, ಸಿನ್ಮಾ ಮುಗುದ್ಮೇಲೆ ಕೂರ್ಸಿ ಏಳಣ ಅಂದ್ಕಂಡೆ. ಆ ಸಿನ್ಮಾ ನಾನು ಮೊದ್ಲೇ ನೋಡಿದ್ದೆ, ಕಾಗ್ದ ಬತ್ತದೆ ಅಂತ ಗೊತ್ತಿತ್ತು. ಅವ್ಳು ಎದ್ದು ಕೇಳ್ತಳೆ ಅಂತ ಗೊತ್ತಿರ್ಲಿಲ್ಲ. ನನ್ ಬಾಯಿಗೆ ಅದು ಬರ್ನಿಲ್ಲ ಸಿಸ್ಟರ್, ಇನ್ನೊಂದು ಬಂತು. ಆಟ ಮುಗುದ್ಮೇಲೆ ಬಂದು ನನ್ ಎರಡೂ ಕೈ ಹಿಡ್ಕಂಡು, ನನ್ ಮಗಂದೂ ಇಂಗೇ ಬತ್ತದೆ ಅಲ್ವಾ ಸಾ ಅಂದ್ಳು. ಹೂಂ ಅಂದೆ."

ನಾನು ಬೆಂಚಿನ ತುದಿ ಹಿಡಿದುಕೊಂಡೆ. ಎದುರಿಗೆ ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು, ಹೊಸ ಕಂಟ್ರೋಲರ್ ಮೈಕಿನಲ್ಲಿ ಏನೋ ಕೂಗುತ್ತಿದ್ದ, ಒಂದೂ ಕಿವಿಗೆ ಹೋಗಲಿಲ್ಲ. ಆನೆ ಬೀಳಿಸಿದ ಗೋಡೆ, ಮಾರ್ಲಮಿಯಲ್ಲಿ ಹಾಕದ ಎಲೆ, ಕಿಟಕಿಗೆ ಬಂದು ಬಂದು ಕೇಳಿದ್ದು, ಇವೇ ತಲೆಯಲ್ಲಿ ತಿರುಗಿದವು.

"ಮರುದಿನ ಹೇಳ್ಬೌದಿತ್ತು. ಮುಂದಿನ ತಿಂಗ್ಳು ಹೇಳ್ಬೌದಿತ್ತು."

"ಏಳಣ ಅಂತಾನೇ ಇದ್ದೆ ಸಿಸ್ಟರ್. ಸ್ವಲ್ಪ ತಡ ಆಯ್ತು."

ಆ ಮಾತನ್ನು ಅವರು ತಮಾಷೆಗೆ ಹೇಳಲಿಲ್ಲ. ಅವರಿಗೆ ಬರುವುದೇ ಆ ಮಾತು. ನನಗೆ ಕಂಡಾಪಟ್ಟೆ ಸಿಟ್ಟು ಬಂತು. ನೀವು ಮನುಷ್ಯರೇ ಎಂದೆ. ಇನ್ನೂ ಏನೇನೋ ಅಂದೆ, ಬಸ್ಸಿಗೆ ನಿಂತಿದ್ದವರು ತಿರುಗಿ ನೋಡಿದರು. ಅವರು ತಲೆ ಎತ್ತಲಿಲ್ಲ. ಕೊನೆಗೆ ನಾನೇ ತೀರ್ಮಾನ ಹೇಳಿದೆ. ನಾಳೆ ದಿವ್ಯಳ ಕನ್ನಡ ಅಕ್ಷರಗಳನ್ನೇ ಹಾಕುತ್ತೇವೆ, ಕಪ್ಪು ಪಟ್ಟಿ ಇರುವುದಿಲ್ಲ. ಊರವರೆಲ್ಲ ಓದುತ್ತಾರೆ. ಅದಕ್ಕೆ ಮುಂಚೆ ಕೇತಮ್ಮನನ್ನು ಕೂರಿಸಿ, ಕೈ ಹಿಡಿದುಕೊಂಡು, ನೀವೇ ಹೇಳಬೇಕು. ಹೇಳುತ್ತೇನೆ ಎಂದರು. ಸತ್ತವರ ತಾರೀಖು, ಹೊತ್ತು ರಿಜಿಸ್ಟರಿನಲ್ಲಿ ಬರೆದೇ ಬಾಳಿದ ನಾನು, ಆ ದಿನ ಯಾವುದು ಎಂದು ಕೇಳಲೇ ಇಲ್ಲ. ಅಷ್ಟು ದಂಗುಬಡಿದು ಹೋಗಿದ್ದೆ.

ಹತ್ತನೇ ತಾರೀಖು ಭಾನುವಾರ. ಗೋಡೌನಿನ ಹಿಂದಿನ ಶೆಡ್ಡಿನಲ್ಲಿ ಎಲೆ ಹಾಕಿದೆವು. ಕೇತಮ್ಮ ಹಸಿರು ಸೀರೆ ಉಟ್ಟು, ತಲೆ ಬಾಚಿ, ಮದುವೆಗೆ ಬಂದ ಹಾಗೆ ಬಂದಿದ್ದಳು. ನಾನು ಒಂದು ಚೊಂಬು ನೀರು ಇಟ್ಟುಕೊಂಡು ಕಂಬದ ಪಕ್ಕ ನಿಂತೆ. ಕಂಟ್ರೋಲರ್ ಮುದ್ದೆ ಬಡಿಸಿ ಅವಳೆದುರು ಕುಕ್ಕರಗಾಲಲ್ಲಿ ಕೂತರು. ಈಗ ಹೇಳುತ್ತಾರೆ ಅಂದುಕೊಂಡೆ. "ಸಾರು ಬುಡ್ಲಾ ಅವ್ವ" ಎಂದು ಎದ್ದು ಬಂದರು. ಮತ್ತೆ ಹೋದರು. "ಕಜ್ಜಾಯ ಇನ್ನೊಂದು ಆಕ್ಲಾ" ಎಂದು ಮತ್ತೆ ಬಂದರು. ಮೂರನೇ ಸಲ ಹೋದವರು ಬರೀ ನೋಡಿಕೊಂಡು ಕೂತರು. "ಯಾಕ್ ಸಾ, ಮೈಗುಸಾರಿಲ್ವಾ?" ಎಂದು ಅವಳೇ ಕೇಳಿದಳು. ಅವಳು ಉಂಡು ಎದ್ದಳು. ಎಲೆಯ ಮೇಲೇ ಕೈಗೆ ಒಂದಿಷ್ಟು ನೀರು ಹಾಕಿಕೊಂಡು, ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು.

ನಾನು ಕಂಟ್ರೋಲರನ್ನು ಮೂಲೆಗೆ ಕರೆದೆ. ಆಟ ನಿಲ್ಲಿಸಿ, ನಾನು ಹೇಳುತ್ತೇನೆ ಎಂದೆ. "ಬ್ಯಾಡಿ ಸಿಸ್ಟರ್. ಸುಳ್ಳು ಏಳಿದ್ದು ನಾನು" ಎಂದು ಒಳಗೆ ನಡೆದು ಸ್ಟೂಲಿನ ಮೇಲೆ ಕೂತು ಮೈಕ್ ಎತ್ತಿಕೊಂಡರು. ಆಗ ನಾನು ಅಡ್ಡ ನಿಲ್ಲಬೇಕಿತ್ತು. ದಿವ್ಯ ಆಟ ಶುರು ಮಾಡಿದಳು.

ಪರದೆಯ ಕೆಳಗೆ ಕನ್ನಡ ಅಕ್ಷರ ಕಂಡು ಜನಕ್ಕೆ ಮೊದಲು ಹಿಗ್ಗು. ಓದಲು ಬರುವವರು ಬಾರದವರಿಗೆ ಪಿಸುಗುಟ್ಟುತ್ತಿದ್ದರು. ಕಂಟ್ರೋಲರ್ ಎಂದಿನಂತೆ ಮಾತು ಹೇಳುತ್ತಿದ್ದರು. ಹಿಮ ಬಿತ್ತು, ಕುರಿ ಕಳೆದುಹೋಗಿ ಸಿಕ್ಕಿತು, ಮೇಷ್ಟ್ರು ಬಾಗಿಲಿಗೆ ಬಂದ. ಕೇತಮ್ಮ ಎದ್ದು ನಿಂತಳು. ಕೆಲವರು ಆಗಲೇ ಓದಿಬಿಟ್ಟಿದ್ದರು. ಗೋಡೌನಿನ ಪಿಸುಮಾತು ಒಮ್ಮೆಗೇ ನಿಂತಿತು.

"ಏನಂತೆ ಸಾ ಕಾಗ್ದದಲ್ಲಿ?"

ಪರದೆಯ ಮೇಲೆ ಮುದುಕಿ ಬಾಗಿಲಿಗೆ ಒರಗಿದಳು. ಮೈಕಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು.

"ಸಾ?" ಎಂದಳು ಕೇತಮ್ಮ.

"ಕೇತವ್ವ, ಕಾಗ್ದದ್ದಲ್ಲ ಕಣವ್ವ ನಾನು ಏಳ್ತಿರೋದು" ಅಂದರು. "ನಿನ್ ಮುರುಗೇಶ ಇಲ್ಲ. ಕ್ವಾರಿಯಲ್ಲಿ ಕಲ್ಲು ಬಿದ್ದು ಓಗ್ಬುಟ್ಟ. ನಂಗೆ ಆವತ್ತೇ ಸುದ್ದಿ ಬಂದಿತ್ತು. ನಾನು ನಿಂಗೆ ಏಳ್ನಿಲ್ಲ."

ಎಷ್ಟು ಸ್ಪಷ್ಟವಾಗಿ ಹೇಳಿದರೆಂದರೆ, ಹಿಂದಿನ ಬಾಗಿಲಲ್ಲಿ ನಿಂತವರಿಗೂ ಒಂದು ಅಕ್ಷರ ಬಿಡದೆ ಕೇಳಿಸಿತು. ದಿವ್ಯ ಸಿನಿಮಾ ನಿಲ್ಲಿಸಿದಳು. ಯಾರೋ ಲೈಟು ಹಾಕಿದರು. ನಾನು ಚೊಂಬು ಹಿಡಿದು ಓಡಿದೆ, ಕೇತಮ್ಮನ ಕೈ ಹಿಡಿದುಕೊಂಡೆ. ಕೂತುಕೋ ಎಂದರೆ ಕೂರಲಿಲ್ಲ. ಅಳಲೂ ಇಲ್ಲ.

"ಯಾವತ್ತು?" ಎಂದಳು ಅವಳು.

"ಎರಡು ಸಾವಿರದ ಹದಿಮೂರನೇ ಇಸ್ವಿ ಕಣವ್ವ."

"ಇಸ್ವಿ ಕಟ್ಕಂಡು ನಾನೇನ್ ಮಾಡ್ಲಿ ಸಾ. ಯಾವ್ ದಿನ? ಎಡೆ ಇಕ್ಬೇಕಲ್ಲ ನಾನು."

ಅವರು ಮೈಕನ್ನು ತೊಡೆಯ ಮೇಲೆ ಇಟ್ಟರು. "ಇವತ್ತೇ" ಅಂದರು. "ನವೆಂಬರ್ ಹತ್ತು."

ಆಗ ನನಗೆ ಒಂದೊಂದಾಗಿ ತಿಳಿಯತೊಡಗಿತು. ಜೂನ್‌ನಲ್ಲಿ ಹುಟ್ಟಿದ ಬಳಗದ ನವೆಂಬರ್ ವಾರ್ಷಿಕೋತ್ಸವ. ವಾರ ಯಾವುದಾದರೂ ಬದಲಾಗದ ತಾರೀಖು. ಮೊದಲ ಎಲೆ. ಕೊರೋನಾ ವರ್ಷದ ಕ್ಯಾರಿಯರ್. ಅವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ.

ಕೇತಮ್ಮ ನನಗಿಂತ ಬೇಗ ಅಲ್ಲಿಗೆ ಮುಟ್ಟಿದ್ದಳು. ನನ್ನ ಹಿಡಿತದಿಂದ ತನ್ನ ಬಲಗೈ ಬಿಡಿಸಿಕೊಂಡು, ಅಂಗೈ ತಿರುಗಿಸಿ ನೋಡಿದಳು.

"ಮುದ್ದೆ, ಉಳ್ಳಿಕಾಳ್ ಬಸ್ಸಾರು, ಕಜ್ಜಾಯ" ಎಂದಳು. "ಅವ್ನಿಗೆ ಏನ್ ಇಷ್ಟ ಅಂತ ಕೇಳ್ದೆ ನೀನು. ನಾನೇ ಏಳ್ದೆ."

ಕಂಟ್ರೋಲರ್ ಎದ್ದು ನಿಂತರು. ಮೈಕು ಕೆಳಗೆ ಬಿತ್ತು.

"ನನ್ ಮಗನ್ ಎಡೇನ ನಂಗೇ ಉಣ್ಣಿಸ್ದಲ್ಲಾ ಸಾ. ಹನ್ನೊಂದು ವರ್ಸ."

ಅವರು ಬಗ್ಗಿ ಬಿದ್ದ ಮೈಕನ್ನು ಎತ್ತಿಕೊಂಡರು.

ಕೇತಮ್ಮ ಬಾಗಿಲ ಹೊರಗೆ ಹೋಗಿ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತಳು. ನಾನು ಹಿಂದೆಯೇ ಹೋದೆ. "ನೀರು ಉಯ್ಯಿ ಸಿಸ್ಟರಮ್ಮ" ಎಂದು ಬಲಗೈ ಚಾಚಿದಳು. ಉಯ್ದೆ. ಬೆರಳ ಸಂದು, ಉಗುರು, ಅಂಗೈ, ಮುಂಗೈ ಎಲ್ಲವನ್ನೂ ಉಜ್ಜಿ ಉಜ್ಜಿ ತೊಳೆದಳು. ನನ್ನ ಕೈಯಲ್ಲೂ ಬೆಳಿಗ್ಗೆ ಕಜ್ಜಾಯ ಕರೆದ ಎಣ್ಣೆಯ ವಾಸನೆ ಇತ್ತು. ಚೊಂಬು ಖಾಲಿಯಾಯಿತು. ಅವಳು ಕೈ ಚಾಚಿಕೊಂಡೇ ಇದ್ದಳು. ನಾನು ಒಳಗೆ ಹೋಗಿ ಇನ್ನೊಂದು ಚೊಂಬು ತಂದೆ.